ನಾನು ಜಾಝ್ ಬಿಚ್ಚಿದ ಕಥೆ

ನಲ್ಲಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಸೋರುವ ನಲ್ಲಿಗಳನ್ನು ಬಿಚ್ಚಿ ಬಿಚ್ಚಿ ಪಳಗಿದ ಕೈ ಇದು. ಇದಕ್ಕೆ ಒಂದು ಹಾಡು ಬಿಚ್ಚುವುದು ಯಾವ ಮಹಾ ವಿದ್ಯೆ! ಅದು ಲ್ಯಾಟಿನ್ ಜಾಝ್ ಫ್ಯೂಷನ್ ಆದರೇನು, ಅದರಪ್ಪನಾದರೇನು!

ಪ್ರತಿ ಭಾನುವಾರ ನನ್ನ ಷಡ್ಡಕನ ಮನೆಯಲ್ಲಿ ಸಂಗೀತ ಕೂಟ. ಯಾರಾದರೊಬ್ಬರು ಒಂದು ಹಾಡಿನ ರಚನೆ, ರಾಗಗಳ ಒಳಗುಟ್ಟು ವಿವರಿಸಬೇಕು. ಇಷ್ಟು ದಿನ ಅವನೇ ವಿವರಿಸುತ್ತಿದ್ದ, ನಾನು ಅತ್ತೆಯ ಪಕ್ಕ ಕೂತು ತಲೆಯಾಡಿಸುತ್ತಿದ್ದೆ. ಈ ಸಲ ಒಂದು ಲ್ಯಾಟಿನ್ ಜಾಝ್ ಹಾಡು ಆರಿಸಿಕೊಂಡು, ಅತ್ತೆಯ ಎದುರಿಗೇ ದೊಡ್ಡ ಅಳಿಯನ ಮಾನ ಎತ್ತಿ ಹಿಡಿಯುತ್ತೇನೆಂದು ಶಪಥ ಮಾಡಿದೆ.

"ನಿಮಗೆ ತಾಳ ಅಂದ್ರೆ ಏನೂಂತ ಗೊತ್ತಾ?" ಎಂದಳು ಹೆಂಡತಿ.

"ನೋಡ್ತಾ ಇರು! ಹಾಡಿಗೆ ಪೂರ್ತಿ ಪೋಸ್ಟ್‌ಮಾರ್ಟಂ!"

"ಅದಕ್ಕೆ ಮೊದ್ಲು ಹಾಡು ಸಾಯ್ಬೇಕಲ್ಲ. ಬಿಡಿ, ನಿಮ್ಮ ಕೈಗೆ ಸಿಕ್ಕಿದೆ, ಆಗುತ್ತೆ."

ವಾರವಿಡೀ ಬಸ್ಸಿನಲ್ಲಿ, ಊಟದಲ್ಲಿ, ಬಚ್ಚಲಲ್ಲಿ ನನ್ನ ಕಿವಿಯೊಳಗೆ ಅದೇ ಹಾಡು. ಕೇಳಿ ಕೇಳಿ ಎದೆ ಢವಗುಟ್ಟಿತು, ಆದರೂ ಬಿಡಲಿಲ್ಲ.

ಭಾನುವಾರ ಎದ್ದು ನಿಂತು ಗುಡುಗಿದೆ. "ಇದು ಪಲಾಯನದ ಸಂಗೀತ! ಪಿಯಾನೋ ಒಂದೇ ಸ್ವರಗುಚ್ಛ ಹಿಡಿದು ಓಡುತ್ತದೆ, ಟ್ರಂಪೆಟ್ ಬೆನ್ನಟ್ಟುತ್ತದೆ! ನಡುವೆ ರಾಗ ಮೆಟ್ಟಿಲಿಳಿಯುವುದಿಲ್ಲ, ಮಹಡಿಯಿಂದಲೇ ಹಾರುತ್ತದೆ! ಉಸಿರಾಡಲು ಪುರುಸೊತ್ತಿಲ್ಲದ ಆಧುನಿಕ ಮನುಷ್ಯನ ಆರ್ತನಾದ!"

ಅಷ್ಟಕ್ಕೇ ಬಿಟ್ಟೆನೇ? ಮರದ ಕಡ್ಡಿಗಳ ತಾಳ, ಮೊದಲು ಮೂರು ಏಟು, ಆಮೇಲೆ ಎರಡು, ಎಲ್ಲರ ಕೈಯಲ್ಲೂ ಅದೇ ವೇಗದಲ್ಲಿ ತಟ್ಟಿಸಿದೆ. ಪಕ್ಕದ ಮನೆಯ ದಂತವೈದ್ಯರ ಅಂಗೈ ಕೆಂಪಾಯಿತು. ಅತ್ತೆ ಏದುಸಿರು ಬಿಡುತ್ತಲೇ, "ನಮ್ಮ ಅಳಿಯಂದಿರು ಎಷ್ಟು ಆಳವಾಗಿ ಕೇಳಿದಾರೆ!" ಎಂದರು. ನಾನು ಉಬ್ಬಿಹೋದೆ!

ಷಡ್ಡಕ ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿದ. ಪಿಯಾನೋ ಊಟ ಮುಗಿಸಿ ಅಡ್ಡಾಡಲು ಹೊರಟಂತೆ ಬಂತು. ಕಡ್ಡಿಗಳು ಯೋಚಿಸಿ ಯೋಚಿಸಿ ಬಡಿದವು. ಬೆನ್ನಟ್ಟಬೇಕಿದ್ದ ಟ್ರಂಪೆಟ್ ಹಾಯಾಗಿ ಮೈಮುರಿಯಿತು. ದಂತವೈದ್ಯರು ತೂಕಡಿಸತೊಡಗಿದರು.

"ಇದು ಬೇರೆ ಹಾಡು!" ಎಂದು ಕೂಗಿದೆ.

ಷಡ್ಡಕ ನನ್ನ ಫೋನು ತೆಗೆದುಕೊಂಡು ನೋಡಿದ. "ಹಾಡು ಇದೇ, ಭಾವ. ನೀವು ಒಂದೂವರೆ ಪಟ್ಟು ಸ್ಪೀಡ್ ಇಟ್ಕೊಂಡಿದೀರಲ್ಲ!"

ಹೌದು! ಕಾರ್ಖಾನೆಯ ತರಬೇತಿ ವಿಡಿಯೊಗಳನ್ನು ಬೇಗ ಮುಗಿಸಿ ಕೈತೊಳೆದುಕೊಳ್ಳಲು ಏರಿಸಿದ್ದ ವೇಗ. ಇಳಿಸುವುದನ್ನೇ ಮರೆತಿದ್ದೆ. ಕೂಟ ಬಿದ್ದು ಬಿದ್ದು ನಕ್ಕಿತು. ಅತ್ತೆ ಪಾಪ, ಗೋಡೆಯ ಕಡೆ ತಿರುಗಿ ನಕ್ಕರು. ಭೂಮಿ ಬಾಯಿಬಿಡಬಾರದೇ ಎನಿಸಿತು.

ನಗದೇ ಇದ್ದವಳು ಹೆಂಡತಿಯೊಬ್ಬಳೇ. "ಅಂದ್ರೆ, ನಾನು ಕಳ್ಸೋ ವಾಯ್ಸ್ ಮೆಸೇಜೂ ಒಂದೂವರೆ ಪಟ್ಟಲ್ಲೇ ಕೇಳ್ತೀರಾ?"

"ಛೆ ಛೆ, ಇಲ್ಲ ಕಣೇ!" ಸಭೆಯ ಮುಂದೆ ಸತ್ಯವಂತನೆಂಬ ಹೆಸರಾದರೂ ಉಳಿಯಲಿ ಎಂದು ಎದೆ ತಟ್ಟಿ ಹೇಳಿದೆ. "ನಿಂದು ಎರಡು ಪಟ್ಟು!"

ಮನೆ ತಲುಪುವವರೆಗೂ ಅವಳು ತುಟಿ ಬಿಚ್ಚಲಿಲ್ಲ. ಇವತ್ತಿಗೂ ಬಿಚ್ಚಿಲ್ಲ. ಈ ಮೌನವನ್ನು ಬೇಗ ಓಡಿಸುವ ಗುಂಡಿ ಯಾವ ಫೋನಿನಲ್ಲೂ ಇಲ್ಲ ಸ್ವಾಮೀ!