ಇದನ್ನು ಯಾರು ಓದಬೇಕು?

ಶಾಲೆಯಲ್ಲಿ ಎಲ್ಲರಿಗೂ ಓದಿನ ದಿನಚರಿ ಕೊಟ್ಟಿದ್ದರು. ಪುಸ್ತಕದ ಹೆಸರು, ಬರೆದವರು, ಏನನ್ನಿಸಿತು, ಇಷ್ಟೇ ಕಾಲಂ. ನಮ್ಮ ಗೆದ್ದಲಿಗೆ ಇದು ಸಾಲಲಿಲ್ಲ. ಪುಸ್ತಕ ಕಂಡರೆ ತಿಂದು ಮುಗಿಸುವ ಈ ಹೈಸ್ಕೂಲ್ ಹುಡುಗಿಗೆ ಆ ಹೆಸರಿಟ್ಟವಳು ಸ್ವಂತ ಅಜ್ಜಿ. ಗೆದ್ದಲು ಸ್ಕೇಲಿಟ್ಟು ಇನ್ನೊಂದು ಕಾಲಂ ಎಳೆದಳು: ‘ಇದನ್ನು ಯಾರು ಓದಬೇಕು?’ ತಂಟೆ ಶುರುವಾದದ್ದು ಆ ಗೆರೆಯಿಂದ.

ಒಳ್ಳೆಯ ದಿನಚರಿಗೆ ಬಹುಮಾನವಿತ್ತು. ರಜೆಗೆಂದು ಬಡಾವಣೆಯ ಗ್ರಂಥಾಲಯದಿಂದ ಬೇಕಾದಷ್ಟು ಪುಸ್ತಕ ಹೊತ್ತು ತರಬಹುದು. ಅಲ್ಲಿ ಅವಳು ಓದದೆ ಉಳಿದಿದ್ದದ್ದು ಕಿಟಕಿ ಪಕ್ಕದ ಕಪಾಟು ಮಾತ್ರ. ಅದರ ಗುಂಗಿನಲ್ಲೇ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ದಿನಚರಿಯನ್ನು ಅಲ್ಲಿನ ಗ್ರಂಥಪಾಲಕಿಗೆ ಒಪ್ಪಿಸುವ ಕಡೆಯ ದಿನ ಬಂತು, ಸಂಜೆಯೊಳಗೆ ಕೊಡಬೇಕು.

ಬೆಳಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಅಮ್ಮ ದಿನಚರಿ ಎತ್ತಿಕೊಂಡು ಮಹಡಿ ಮನೆ ಆಂಟಿಯ ಹತ್ತಿರ ಓಡಿದಳು. ತಾಯಿಯ ಹೆಮ್ಮೆ ಒಲೆಯ ಮೇಲಿನ ಹಾಲಿನ ಹಾಗೆ, ಉಕ್ಕದೆ ಇರದು.

“ನೋಡಿ ಅಕ್ಕಾ, ನಮ್ಮ ಹುಡುಗಿ ಎಷ್ಟು ಓದಿದಾಳೆ.”

ಆಂಟಿ ಕನ್ನಡಕ ಏರಿಸಿದರು. ‘ಮೌನದ ಲಾಭಗಳು. ಚೆನ್ನಾಗಿದೆ. ಯಾರು ಓದಬೇಕು: ಮಹಡಿ ಮನೆ ಆಂಟಿ.’

ಅವರು ಬಾಯಿ ತೆರೆದು, ಹಾಗೇ ಮುಚ್ಚಿದರು. ಆ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು. ಆಮೇಲೆ ಒಂದೊಂದೇ ಹಾಳೆ ತಿರುವಿದಂತೆ ಅವರ ಮುಖ ಅರಳಿತು. ಸದ್ಯ, ತಾವೊಬ್ಬರೇ ಅಲ್ಲ. ದಿನಚರಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಟೈಲರ್ ಅಂಗಡಿಗೆ ಇಳಿದೇಬಿಟ್ಟರು.

“ಟೈಲರ್ರೇ, ‘ಹೇಳಿದ ದಿನಕ್ಕೆ ಕೆಲಸ’ ಅಂತ ಪುಸ್ತಕ ಇದೆಯಂತೆ. ನಿಮ್ಮ ಹೆಸರು ಬರೆದಿದಾಳೆ.”

“ಒಂದು ಅಂಗಿ ಸ್ವಲ್ಪ ತಡ ಆದ್ರೆ ಅದನ್ನೂ ಬರೆದಿಡೋದಾ?”

“ಸ್ವಲ್ಪಾನಾ? ಅಳತೆ ಕೊಟ್ಟಾಗ ನನ್ನ ಮಗನಿಗೆ ಮೀಸೆ ಇರಲಿಲ್ಲ.”

ಒದ್ದೆ ಕೂದಲಲ್ಲೇ ಗೆದ್ದಲು ಓಡಿ ಬರುವ ಹೊತ್ತಿಗೆ ದಿನಚರಿ ಅದೇ ಬೀದಿಯ ಗಣಿತದ ಮೇಷ್ಟ್ರ ಕೈ ಸೇರಿತ್ತು. ಸಿಟ್ಟು ಇಳಿಸುವ ಪುಸ್ತಕದ ಎದುರು ಅವರ ಹೆಸರು, ಪಕ್ಕದಲ್ಲಿ ‘ಎರಡು ಸಲ’.

“ಎರಡು ಸಲ ಯಾಕೆ?” ಮೇಷ್ಟ್ರ ದನಿಗೆ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಆಚೆ ಬಿತ್ತು.

“ಒಂದ್ಸಲ ಸಾಕಾಗಲ್ಲ ಅನ್ನಿಸ್ತು ಸರ್.” ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದನ್ನು ಕಲಿಸುವ ಪುಸ್ತಕ ಇನ್ನೂ ಸಿಕ್ಕಿರಲಿಲ್ಲ.

ಮಧ್ಯಾಹ್ನಕ್ಕೆ ಬೀದಿಯೆಲ್ಲ ಹುಡುಗಿಯ ಮನೆ ಮುಂದೆ ನೆರೆಯಿತು.

“ಆ ಕಾಲಂ ಅಳಿಸು. ಆಮೇಲೆ ದಿನಚರಿ ತಗೋ,” ಎಂದರು ಮೇಷ್ಟ್ರು.

ಗೆದ್ದಲಿಗೆ ಕಿಟಕಿ ಪಕ್ಕದ ಕಪಾಟು ಕಣ್ಣೆದುರು ಬಂತು. ಒಂದು ಸಲ ರಬ್ಬರ್ ಆಡಿಸಿದರೆ ಸಾಕಿತ್ತು.

“ಅಳಿಸಲ್ಲ ಸರ್. ಬೈಯೋಕೆ ಬರೆದಿದ್ದಲ್ಲ. ಓದಿ ಮುಗಿಸಿದ ಮೇಲೆ ಒಬ್ಬಳೇ ಇಟ್ಕೊಳ್ಳೋಕೆ ಆಗ್ತಿರಲಿಲ್ಲ. ನೀವೆಲ್ಲ ನೆನಪಾಗ್ತಿದ್ರಿ, ಬರೆದೆ.”

ಆಂಟಿ ಟೈಲರ್ ಮುಖ ನೋಡಿದರು, ಟೈಲರ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ದಿನಚರಿಯನ್ನು ಮೆಟ್ಟಿಲ ಮೇಲಿಟ್ಟರು. ಗುಂಪು ಅವಸರವಸರವಾಗಿ ಕರಗಿತು. ಅಮ್ಮನ ಕಣ್ಣು ತುಂಬಿತ್ತು.

ಸಂಜೆ ಗ್ರಂಥಪಾಲಕಿ ದಿನಚರಿಯನ್ನು ಕೊನೆಯ ಹಾಳೆಯವರೆಗೂ ಓದಿದರು.

“ಇಂಥದ್ದು ನಾನು ನೋಡೇ ಇಲ್ಲ ಮಗಳೇ. ಬಹುಮಾನ ನಿನಗೇ. ಹೋಗು, ಬೇಕಾದಷ್ಟು ತಗೋ.”

ಜೊತೆಗೆ ಬಂದ ಅಮ್ಮ ತಂದಿದ್ದ ಚೀಲ ಹಿಡಿದು ಗೆದ್ದಲು ಕಿಟಕಿಯತ್ತ ಹಾರಿದಳು. ಕಪಾಟು ಹಲ್ಲುದುರಿದ ಬೊಚ್ಚುಬಾಯಿಯಂತೆ ಖಾಲಿ ನಿಂತಿತ್ತು.

“ಮೇಡಂ, ಇಲ್ಲಿನ ಪುಸ್ತಕ?”

“ಮಧ್ಯಾಹ್ನ ನಿಮ್ಮ ಬೀದಿಯವರು ಮನೆಮಂದಿಯ ಕಾರ್ಡೆಲ್ಲ ತಂದು ಹೊತ್ಕೊಂಡು ಹೋದ್ರು. ‘ಅವಳು ಓದಿ ನಮ್ಮ ಹೆಸರು ಬರೆಯೋ ಮೊದಲು ನಾವೇ ಓದಿ ಪಕ್ಕದವರ ಹೆಸರು ಬರೀತೀವಿ’ ಅಂದ್ರು. ನೀನು ಓದಿರೋದೆಲ್ಲ ಹಾಗೇ ಇದೆ ನೋಡು, ಒಬ್ಬರೂ ಮುಟ್ಟಲಿಲ್ಲ.”

ಮನೆಗೆ ಹೊರಟಾಗ ಬೀದಿ ಹಿಂದೆಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಹೊಲಿಗೆ ಯಂತ್ರದ ಸದ್ದಿಲ್ಲ, ಮಹಡಿಯ ಮೇಲೆ ಮಾತಿಲ್ಲ. ಬಾಗಿಲಿಗೊಬ್ಬರು ತಲೆ ಬಗ್ಗಿಸಿ ಕೂತಿದ್ದರು, ಮಗ್ಗುಲಲ್ಲಿ ಪೆನ್ಸಿಲು.

ಅಮ್ಮ ಎದೆಯುಬ್ಬಿಸಿ ನಡೆದಳು. “ನೋಡಿದ್ಯಾ? ನಿನ್ನಿಂದ ಇಡೀ ಬೀದಿ ಓದ್ತಿದೆ.”

“ಹೂಂ ಅಮ್ಮ,” ಎಂದಳು ಗೆದ್ದಲು, ಖಾಲಿ ಚೀಲ ಮಡಚುತ್ತ. “ನನ್ನೊಬ್ಬಳನ್ನ ಬಿಟ್ಟು.”