ಎದ್ದು ಕುಳಿತ ಜೀರುಂಡೆ

"ನಾಳೆಯಿಂದ ಈ ಮನೆಯಲ್ಲಿ ಯಾರೂ ಸಾಯುವುದಿಲ್ಲ" ಎಂದು ಗ್ಲ್ಯಾಡ್‌ಸನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ಅವನ ಹೆಂಡತಿ ಎಲ್ವಿಟಾ ಬಂಗುಡೆ ತೊಳೆಯುತ್ತಿದ್ದಳು.

"ಮೊದಲು ಆ ಬೆಕ್ಕನ್ನು ಹೊರಗೆ ಹಾಕಿ. ಇಲ್ಲದಿದ್ರೆ ಇವತ್ತೇ ಒಂದು ಸಾಯ್ತದೆ" ಎಂದಳು ಅವಳು.

ಘೋಷಣೆಗೆ ಕಾರಣವಿತ್ತು. ಮಂಜೇಶ್ವರದ ಆ ಮನೆಯಲ್ಲಿ ಅವನ ತಾಯಿ ಕಾರ್ಮಿನ್ ಬಾಯಿಯ ದಿನ ಆರಂಭವಾಗುತ್ತಿದ್ದುದೇ ಸಾವಿನಿಂದ. ಇಗರ್ಜಿಯ ಪೂಜೆ ಮುಗಿಸಿ ಬಂದು, ಕಾಫಿ ಲೋಟ ಹಿಡಿದು, ಮಗನ ಕಂಪ್ಯೂಟರಿನ ಮುಂದೆ ಕುಳಿತು, ಮಂಗಳೂರಿನ ಒಂದು ಸುದ್ದಿತಾಣದ ಮರಣ ಪ್ರಕಟಣೆಗಳನ್ನು ಓದುವುದು ಅವರ ನಿತ್ಯವಿಧಿ. ಬೇರೆಯವರು ಕ್ರಿಕೆಟ್ ಸ್ಕೋರು ನೋಡುವಷ್ಟು ಶ್ರದ್ಧೆಯಿಂದ ಅವರು ಅದನ್ನು ನೋಡುತ್ತಿದ್ದರು. ಗಂಡ ಫಿಡೆಲಿಸ್ ತೀರಿಕೊಂಡ ಮೇಲೆ ಮಾತ್ರ ಈ ಓದು ಕೆಟ್ಟಿತು. ಗುರುತಿನವರ ಫೋಟೋ ಕಂಡರೆ ಸಾಕು, ಗಂಜಿ ಬಿಟ್ಟು ಅಳುವುದು, ಬಿ.ಪಿ. ಏರುವುದು. ಡಾಕ್ಟರು, "ಮನಸ್ಸಿಗೆ ಹಚ್ಚಿಕೊಳ್ಳಲು ಬಿಡಬೇಡಿ" ಎಂದು ಹೇಳಿ ಮಾತ್ರೆ ಬರೆದರು.

ಮಾತ್ರೆಗಿಂತ ದೊಡ್ಡ ಮದ್ದು ಗ್ಲ್ಯಾಡ್‌ಸನ್‌ನ ಬಳಿ ಇತ್ತು. ಇಗರ್ಜಿಗಳಿಗೆ, ಮದುವೆಯ ಅಡುಗೆಯವರಿಗೆ, ಬ್ಯಾಂಡ್ ಸೆಟ್ಟಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಅವನ ಬ್ರೌಸರಿನ ಮೂಲೆಯಲ್ಲಿ ಕೆಂಪು ಜೀರುಂಡೆಯ ಚಿತ್ರವಿದ್ದ ಒಂದು ಆಡ್-ಆನ್, ಅಂದರೆ ಬ್ರೌಸರಿಗೆ ಸಿಕ್ಕಿಸುವ ಪುಟ್ಟ ಸಲಕರಣೆ, ಇತ್ತು. ಅದನ್ನು ಒತ್ತಿದರೆ ಯಾವ ಪುಟದ ಒಳಗಿನ ಎಲುಬೂ ಕಾಣುತ್ತಿತ್ತು. ಬೇಡದ ಭಾಗವನ್ನು ತನ್ನ ಪರದೆಯ ಮಟ್ಟಿಗೆ ಅಡಗಿಸಬಹುದಿತ್ತು. ಇಂಥ ಪದ ಕಂಡಲ್ಲೆಲ್ಲ ಅಡಗಿಸು ಎಂದು ಒಮ್ಮೆ ಹೇಳಿಟ್ಟರೆ ಮುಂದೆ ತಾನಾಗಿ ಅಡಗಿಸುತ್ತಿತ್ತು.

ಮಂಜೇಶ್ವರದವರ ಸಾವನ್ನು ಅಡಗಿಸುವಂತಿರಲಿಲ್ಲ, ಇಗರ್ಜಿಯ ಗಂಟೆ ಎಲ್ಲವನ್ನೂ ಊರಿಗೆ ಹೇಳಿಬಿಡುತ್ತಿತ್ತು. ಆದ್ದರಿಂದ ಗಂಟೆ ಕೇಳಿಸದ ಊರುಗಳನ್ನು ಅವನು ಆರಿಸಿಕೊಂಡ. ಕಾರ್ಮಿನ್ ಬಾಯಿಯ ಹಳೆಯ ಗುರುತಿನವರೆಲ್ಲ ಇದ್ದ ಮುಳ್ಳೇರಿಯ, ಕಾರಡ್ಕ ಎಂಬ ಎರಡು ಹೆಸರುಗಳನ್ನು ಜೀರುಂಡೆಯ ಕಿವಿಯಲ್ಲಿ ಊದಿದ. ಅಂದಿನಿಂದ ಆ ಎರಡು ಊರುಗಳಿಗೆ ಅಮರತ್ವ ಪ್ರಾಪ್ತವಾಯಿತು.

"ಮುಳ್ಳೇರಿಯ ಕಡೆ ಈಗ ಯಾರೂ ಸಾಯುವುದೇ ಇಲ್ಲ ಅಲ್ವಾ. ಅಲ್ಲಿನ ನೀರು ಒಳ್ಳೆಯದು" ಎಂದರು ಕಾರ್ಮಿನ್ ಬಾಯಿ ಒಂದು ದಿನ. ಗ್ಲ್ಯಾಡ್‌ಸನ್ ಹೆಂಡತಿಯತ್ತ ನೋಡಿ ಮೀಸೆಯಡಿಯಲ್ಲೇ ನಕ್ಕ.

ಈ ಸ್ವರ್ಗರಾಜ್ಯ ಎರಡು ಸಾವಿರದ ಹದಿನೇಳರ ಕೊನೆಗೆ ಮುಗಿಯಿತು. ಬ್ರೌಸರು ಹೊಸ ರೂಪ ತಾಳಿತು, ಜೀರುಂಡೆಯನ್ನು ಮಾಡಿದವರು ಇನ್ನು ಇದನ್ನು ನೋಡಿಕೊಳ್ಳುವುದಿಲ್ಲ ಎಂದು ಕೈತೊಳೆದುಕೊಂಡರು, ಕೆಂಪು ಹುಳ ಬೂದಿ ಬಣ್ಣಕ್ಕೆ ತಿರುಗಿತು. ಮುಳ್ಳೇರಿಯದವರು ಮತ್ತೆ ಎಲ್ಲರಂತೆ ಸಾಯತೊಡಗಿದರು. ಆದರೆ ಅಷ್ಟರಲ್ಲಿ ಕಾರ್ಮಿನ್ ಬಾಯಿ ತಾವಾಗಿಯೇ ಗಟ್ಟಿಯಾಗಿದ್ದರು. ಓದುತ್ತಿದ್ದರು, ಶಿಲುಬೆಯ ಗುರುತು ಹಾಕುತ್ತಿದ್ದರು, ಗಂಜಿ ಉಣ್ಣುತ್ತಿದ್ದರು. ಅಳುವ ಸರದಿ ಗ್ಲ್ಯಾಡ್‌ಸನ್‌ನದಾಯಿತು, ಅದೂ ಹುಳಕ್ಕಾಗಿ.

"ಸತ್ತ ಹುಳವನ್ನು ಎಂತಕ್ಕೆ ಇಟ್ಟುಕೊಂಡಿದ್ದೀರಿ ಮಾರಾಯ್ರೆ? ಗುಡಿಸಿ ಬಿಸಾಡಿ" ಎನ್ನುತ್ತಿದ್ದಳು ಎಲ್ವಿಟಾ.

"ಒಂದು ದಿನ ಏಳ್ತದೆ. ನೋಡ್ತಾ ಇರು."

ಎರಡು ಸಾವಿರದ ಹದಿನೆಂಟು ಹಾಗೇ ಕಳೆಯಿತು. ಹತ್ತೊಂಬತ್ತರ ಮಳೆಗಾಲದ ಆರಂಭದಲ್ಲಿ ಒಂದರ ಹಿಂದೊಂದು ಅಪ್‌ಡೇಟ್ ಬಂದು ಕಂಪ್ಯೂಟರು ತಾನಾಗಿ ಆರಿ ತಾನಾಗಿ ಹೊತ್ತಿಕೊಂಡ ಒಂದು ಬೆಳಿಗ್ಗೆ, ಹುಳ ಕೆಂಪಾಗಿ ಕುಳಿತಿತ್ತು. ಒತ್ತಿದ. ಪುಟದ ಎಲುಬು ಕಂಡಿತು. ಯಾಕೆ, ಹೇಗೆ ಎಂದು ಅವನಿಗೂ ಗೊತ್ತಾಗಲಿಲ್ಲ.

"ಎದ್ದಿತು, ಎಲ್ವಿಟಾ, ಎದ್ದಿತು!"

"ಬಾವಿಯ ಕೆಟ್ಟ ಪಂಪಾ?" ಎಂದು ಅವಳು ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಹುಳವನ್ನು ಕಂಡು, ಬಂದಷ್ಟೇ ವೇಗದಲ್ಲಿ ಹಿಂದೆ ಹೋದಳು.

ಆ ದಿನ ಗ್ಲ್ಯಾಡ್‌ಸನ್ ಪೇಟೆಯಿಂದ ಲಡ್ಡು ತಂದ. ಹುಳದ ಜೊತೆಗೆ ಹುಳದ ನೆನಪೂ ಎದ್ದಿರಬಹುದು ಎಂಬ ಒಂದು ಸಂಗತಿ ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ತೆನೆ ಹಬ್ಬ ಬಂತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಮಂದಿಯೆಲ್ಲ ಹಾಲಿಗೆ ಹಾಕಿ ಕುಡಿದರು. ಕಾರ್ಮಿನ್ ಬಾಯಿ ಒಂದು ತೆನೆಯನ್ನು ಕರವಸ್ತ್ರದಲ್ಲಿ ಸುತ್ತಿ ಬೇರೆಯೇ ಇಟ್ಟರು.

"ಇದು ಡೈಸಿಗೆ. ನಾಳೆ ಮುಳ್ಳೇರಿಯಕ್ಕೆ ಹೋಗುವ, ಮಗಾ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಡೈಸಿ ಕಾರ್ಮಿನ್ ಬಾಯಿಯ ಬಾಲ್ಯದ ಗೆಳತಿ. ಇಗರ್ಜಿಯಲ್ಲಿ ಒಂದೇ ಪುಸ್ತಕ ಹಿಡಿದು ಹಾಡಿದವರು. ಆದರೆ ಗ್ಲ್ಯಾಡ್‌ಸನ್‌ನ ಮದುವೆಯ ಹಿಂದಿನ ದಿನ, ನೆಂಟರೆಲ್ಲರ ಎದುರು, ಹಂದಿಮಾಂಸಕ್ಕೆ ಉಪ್ಪು ಕಡಿಮೆ ಎಂದು ಡೈಸಿ ಹೇಳಿಬಿಟ್ಟಿದ್ದರು. ಅದು ಕಾರ್ಮಿನ್ ಬಾಯಿ ಕೈಯಾರೆ ಮಾಡಿದ ಅಡುಗೆ. ಅಂದಿನಿಂದ ಮಾತಿಲ್ಲ, ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

"ಇಷ್ಟು ವರ್ಷ ಆದ ಮೇಲೆ ಈಗ ಎಂತ, ಮಮ್ಮಿ?" ಎಂದ ಗ್ಲ್ಯಾಡ್‌ಸನ್.

"ನಾನು ದಿನಾ ಆ ಕಂಪ್ಯೂಟರಿನಲ್ಲಿ ಎಂತ ಓದುವುದು ಅಂತ ಎಣಿಸಿದ್ದಿ? ಸತ್ತವರನ್ನಾ? ಅವಳ ಹೆಸರು ಇಲ್ಲ ಅಂತ ನೋಡುವುದು. ಇಲ್ಲದಿದ್ರೆ ಸರಿ, ಇನ್ನೂ ಸಮಯ ಉಂಟು ಅಂತ ಎದ್ದು ಬರುವುದು. ಈಗ ನನಗೂ ಪ್ರಾಯ ಆಯ್ತು. ಇರುವಾಗಲೇ ಹೋಗಿ ಬರುವ."

ಕಾಸರಗೋಡಿನಲ್ಲಿ ಬಸ್ಸು ಬದಲಿಸಿ, ಮುಳ್ಳೇರಿಯದಲ್ಲಿ ಆಟೋ ಹಿಡಿದು ಡೈಸಿಯ ಮನೆ ತಲುಪಿದರು. ದಾರಿಯುದ್ದಕ್ಕೂ ಕಾರ್ಮಿನ್ ಬಾಯಿ ಮೊದಲ ಮಾತು ಎಂತ ಆಡುವುದು ಎಂದು ಮಗನನ್ನು ಕೇಳುತ್ತಲೇ ಇದ್ದರು. ಬಾಗಿಲು ತೆರೆದವನು ಡೈಸಿಯ ಮಗ ಮೆರ್ವಿನ್. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಡೈಸಿಯ ಫೋಟೋ, ಅದಕ್ಕೆ ಹಾರ.

ಕಾರ್ಮಿನ್ ಬಾಯಿ ಚಪ್ಪಲಿ ಬಿಚ್ಚಿ, ಒಳಗೆ ಹೋಗಿ ಆ ಫೋಟೋದ ಮುಂದೆ ನಿಂತರು.

"ಜುಲೈಯಲ್ಲಿ ಹೋದ್ರು, ಕಾರ್ಮಿನ್ ಆಂಟಿ" ಎಂದ ಮೆರ್ವಿನ್. "ಹಾಸಿಗೆ ಹಿಡಿದಾಗಲೇ ನಿಮಗೆ ಫೋನ್ ಮಾಡ್ತೇನೆ ಅಂದೆ. ಅಮ್ಮ ಬೇಡ ಅಂದ್ರು. ನಾನು ಹೋದ ಮೇಲೆ ಮರಣದ ಸುದ್ದಿ ಹಾಕ್ತೀರಲ್ಲ, ಕಾರ್ಮಿನ್ ದಿನಾ ಓದ್ತಾಳಂತೆ, ನೋಡಿದ್ರೆ ಖಂಡಿತ ಬರ್ತಾಳೆ ಅಂದ್ರು. ನಾವು ಪೆಟ್ಟಿಗೆ ಮುಚ್ಚದೆ ಕಾದೆವು. ಪಾದ್ರಿಯವರು ಗಡಿಯಾರ ನೋಡಿದ್ರು. ಆಮೇಲೆ ಮುಚ್ಚಿದೆವು."

ಗ್ಲ್ಯಾಡ್‌ಸನ್‌ಗೆ ನಿಂತಲ್ಲೇ ಎಲ್ಲ ಅರ್ಥವಾಯಿತು. ಲಡ್ಡು ತಂದ ಆ ದಿನವೂ ನೆನಪಾಯಿತು. ಅವನಿಗೆ ತನ್ನ ಮೇಲೇ ಹೇಸಿಗೆಯೆನಿಸಿತು.

ಸಮಾಧಿಯ ಹತ್ತಿರ ಕಾರ್ಮಿನ್ ಬಾಯಿ ಅಳಲಿಲ್ಲ. ಕರವಸ್ತ್ರ ಬಿಚ್ಚಿ ತೆನೆಯನ್ನು ಹಸಿ ಮಣ್ಣಿನ ಮೇಲಿಟ್ಟರು.

"ಉಪ್ಪು ಕಡಿಮೆಯೇ ಇತ್ತು, ಡೈಸಿ" ಎಂದರು. "ಆವತ್ತು ರಾತ್ರಿಯೇ ತಿಂದು ನೋಡಿದ್ದೆ."

ಹಿಂತಿರುಗುವ ಬಸ್ಸಿನಲ್ಲಿ ಗ್ಲ್ಯಾಡ್‌ಸನ್ ಹೇಳಿದ. "ಮಮ್ಮಿ, ಆ ಸುದ್ದಿ ಬಂದಿರ್ಬೇಕು. ನಿಮಗೆ ಬೇಜಾರಾಗಬಾರದು ಅಂತ ಮುಂಚೆ ನಾನೇ ಮುಳ್ಳೇರಿಯದ್ದನ್ನೆಲ್ಲ ಕಾಣದ ಹಾಗೆ ಮಾಡಿದ್ದೆ. ನಡುವೆ ಅದು ಕೆಟ್ಟುಹೋಗಿತ್ತು. ಈ ಮಳೆಗಾಲದಲ್ಲಿ ತಾನಾಗಿ ಸರಿಯಾಗಿ ಮತ್ತೆ ಅಡಗಿಸಿದೆ." ತಾಯಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಬಂದವನೇ ಅವನು ಜೀರುಂಡೆಯನ್ನು ಕಿತ್ತುಹಾಕಿದ. ಕೆಂಪು ಹುಳ ಒಂದು ಸದ್ದೂ ಮಾಡದೆ ಹೋಯಿತು. ಅದು ಹೋದದ್ದೇ ತಡ, ಜುಲೈಯ ಪುಟದಲ್ಲಿ ಡೈಸಿ ನಗುತ್ತ ಬಂದು ಕುಳಿತರು. ಕಾರ್ಮಿನ್ ಬಾಯಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಪ್ರತಿ ಅಕ್ಷರವನ್ನೂ ಓದಿದರು. ಗಂಡ, ಮಕ್ಕಳು, ಪೂಜೆಯ ಹೊತ್ತು, ಎಲ್ಲ.

"ನನ್ನದು ಬರುವಾಗ ನಿನ್ನ ಬುದ್ಧಿವಂತಿಕೆ ತೋರಿಸ್ಬೇಡ, ಮಗಾ" ಎಂದರು. "ಬರ್ಬೇಕಾದವರಿಗೆ ಗೊತ್ತಾಗ್ಲಿ."

"ಇಲ್ಲ, ಮಮ್ಮಿ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ ಅಡುಗೆಮನೆಯ ಕಡೆ ತಿರುಗಿದರು.

"ಎಲ್ವಿಟಾ, ನಾನು ಹೋದ ದಿನದ ಊಟಕ್ಕೆ ಉಪ್ಪು ಮಾತ್ರ ನೀನು ನೋಡಿ ಹಾಕಿಸು. ಡೈಸಿ ಅಲ್ಲಿ ಮೊದಲು ಅದನ್ನೇ ಕೇಳ್ತಾಳೆ."