ಅತ್ತೆಯನ್ನು ಎತ್ತುವ ಪುಡಿ

ನನ್ನ ಹಣೆಬರಹವೇ ಹೀಗೆ. ನೆಟ್ಟಗೆ ಒಂದು ಕೆಲಸಕ್ಕೆ ಹೊರಟರೆ ಅದು ಅಪಾರ್ಟ್‌ಮೆಂಟ್ ಸೊಸೈಟಿಯವರೆಲ್ಲ ನಗುವ ಹಾಗೆ ಮುಗಿಯುತ್ತದೆ. ಇಪ್ಪತ್ತಾರು ವರ್ಷದಿಂದ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಡತ ನೋಡುತ್ತಿದ್ದೇನೆ, ನನ್ನ ಮೇಜಿನ ಮೇಲೆ ಒಂದು ಕಾಗದ ಸೊಟ್ಟಗಿರುವುದಿಲ್ಲ. ಮನೆಯಲ್ಲಿ ಮಾತ್ರ ಯಾವುದೂ ನನ್ನ ಮಾತು ಕೇಳುವುದಿಲ್ಲ.

ಮೊದಲು ಕಾರಣ ಹೇಳಿಬಿಡುತ್ತೇನೆ. ಹೋದ ಚಳಿಗಾಲದಲ್ಲಿ, ಇಂದಿರಾಪುರಂನ ನಮ್ಮ ಹನ್ನೊಂದನೇ ಮಹಡಿಯ ಮನೆಯಲ್ಲಿ, ಎಪ್ಪತ್ತೆರಡರ ನಮ್ಮತ್ತೆ ಬಚ್ಚಲಲ್ಲಿ ಜಾರಿ ಕೂತರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಆದರೆ ಅವರಿಗೆ ಏಳಲಾಗಲಿಲ್ಲ, ನನಗೆ ಎತ್ತಲಾಗಲಿಲ್ಲ, ಯಜಮಾನರಿಗೆ ಸೊಂಟದ ಡಿಸ್ಕು. ಕೊನೆಗೆ ಗೇಟಿನ ಇಬ್ಬರು ಗಾರ್ಡುಗಳು ಬಂದು, ನೈಟಿಯಲ್ಲಿದ್ದ ಅತ್ತೆಯನ್ನು ಗ್ಯಾಸ್ ಸಿಲಿಂಡರ್ ಎತ್ತಿದ ಹಾಗೆ ಎತ್ತಿ ಮಂಚದ ಮೇಲಿಟ್ಟರು.

ಅತ್ತೆ ಸುಬೇದಾರರ ಹೆಂಡತಿ. ಮಾವ ಪಲ್ಟನ್ನಿಗೆ ಹುಕುಂ ಕೊಡುತ್ತಿದ್ದರು, ಅತ್ತೆ ಮಾವನಿಗೆ. ಅಂಥವರು, "ಇನ್ನು ಆ ಹುಡುಗರ ಮುಂದೆ ಯಾವ ಮುಖ ಇಟ್ಕೊಂಡು ಓಡಾಡ್ಲಿ?" ಎಂದು ಪಾರ್ಕಿಗೆ ಇಳಿಯುವುದನ್ನೇ ಬಿಟ್ಟರು. ಸಂಜೆ ಬಾಲ್ಕನಿಯಲ್ಲಿ ನಿಂತು ಕೆಳಗೆ ತಮ್ಮ ಬೆಂಚಿನ ಮೇಲೆ ಯಾರು ಕೂತಿದ್ದಾರೆ ಅಂತ ನೋಡುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಯಾರನ್ನೂ ಕರೆಯಬಾರದು, ನಾನೇ ಎತ್ತಬೇಕು ಎಂದು ತೀರ್ಮಾನಿಸಿ ಸೊಸೈಟಿಯ ಜಿಮ್ಮಿಗೆ ಸೇರಿದೆ.

ಗುರಿ

ಟ್ರೈನರ್ ಹರಿಯಾಣದವನು. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ರಿಜಿಸ್ಟರ್ ತೆಗೆದು, "ಆಂಟೀಜಿ, ಗೋಲ್ ಕ್ಯಾ ಹೈ?" ಅಂದ.

"ಸಾಸ್," ಅಂದೆ, ಅತ್ತೆಗೆ ಹಿಂದಿಯಲ್ಲಿ ಹಾಗನ್ನುತ್ತಾರೆ. "ಅರವತ್ತೆರಡು ಕಿಲೋ."

ಪೆನ್ನು ನಿಂತಿತು. "ಅವರ ತೂಕ ಇಳಿಸಬೇಕಾ?"

"ಅಲ್ಲಪ್ಪ, ಅವರನ್ನ ಎತ್ತಬೇಕು."

ಪಾಪ, ವಿಧೇಯ ಹುಡುಗ. ಟಾರ್ಗೆಟ್ ಅನ್ನುವ ಕಡೆ ಅದನ್ನೇ ಬರೆದುಕೊಂಡ. ಒಂದೇ ವಾರದಲ್ಲಿ ಜಿಮ್ಮಿನವರಿಗೆಲ್ಲ ಗೊತ್ತಾಯಿತು. ಹದಿನೈದು ಕಿಲೋ ನೆಲದಿಂದ ಎತ್ತಿದ ದಿನ, ಟ್ರೆಡ್‌ಮಿಲ್ ಮೇಲಿದ್ದವರು ಕೂಡ ಇಳಿದು ಬಂದು ಚಪ್ಪಾಳೆ ತಟ್ಟಿದರು: "ಶಾಬಾಶ್ ಆಂಟೀಜಿ, ಕಾಲು ಸಾಸ್ ಆಯ್ತು!"

ಕೊಟೇಶನ್

"ಖಾಲಿ ಹೊಟ್ಟೆಯಲ್ಲಿ ಸಾಸ್ ಏಳಲ್ಲ ಆಂಟೀಜಿ, ಸಪ್ಲಿಮೆಂಟ್ ಬೇಕು," ಎಂದು ಅವನೇ ಆರು ಹೆಸರು ಬರೆದುಕೊಟ್ಟ. ಒಂದೂ ಬಾಯಲ್ಲಿ ತಿರುಗಲಿಲ್ಲ. ಆದರೇನು, ಕೊಟೇಶನ್ ಇಲ್ಲದೆ ಆಫೀಸಿಗೆ ಒಂದು ಸ್ಟೇಪ್ಲರ್ ಕೂಡ ಕೊಂಡವಳಲ್ಲ ನಾನು. ಆಫೀಸಿನಿಂದ ನೇರ ಅಂಗಡಿಗೆ ಹೋದೆ. ಕೊರಳಲ್ಲಿ ಸರ್ಕಾರದ ಐಡಿ ಕಾರ್ಡು, ಕೈಯಲ್ಲಿ ಗೆರೆ ಎಳೆದ ಹಾಳೆ.

"ಭಯ್ಯಾ, ಒಂದು ಚಮಚಕ್ಕೆ ಪ್ರೋಟೀನ್ ಎಷ್ಟು? ತಯಾರಾದ ತಾರೀಖು? ಲೈಸೆನ್ಸ್ ನಂಬರ್ ಎಲ್ಲಿ?"

ಬರೆದುಕೊಳ್ಳುತ್ತಾ ಹೋದೆ. ಅಂಗಡಿಯವನು ಸ್ಟೂಲ್ ಹಾಕಿದ. ಚಹಾ ತರಿಸಿದ. ಆಮೇಲೆ ಸಮೋಸ ಬಂತು. ದೆಹಲಿಯಲ್ಲಿ ಇಷ್ಟು ಮರ್ಯಾದೆ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ನಾನು ಸಮೋಸ ತಿನ್ನುವಾಗ ಅವನು ಶೆಲ್ಫಿನಿಂದ ಒಂದೊಂದೇ ಡಬ್ಬ ತೆಗೆದು ಪರದೆ ಹಿಂದೆ ಸೇರಿಸತೊಡಗಿದ.

"ಅವುಗಳ ಬೆಲೆ ಹೇಳಲೇ ಇಲ್ಲವಲ್ಲ?"

"ಮೇಡಂಜಿ, ಅವು ಮಾರೋಕಲ್ಲ, ಶೋಗೆ ಇಟ್ಟಿದ್ದು," ಎಂದು ಕೈಮುಗಿದ.

ಆಗ ಹೊಳೆಯಿತು, ಮಹಾನುಭಾವ ನನ್ನನ್ನು ತಪಾಸಣೆಗೆ ಬಂದವಳು ಅಂದುಕೊಂಡಿದ್ದಾನೆ! ನಾನು ತಿದ್ದಲು ಹೋಗಲಿಲ್ಲ. ಅವನು ಬಚ್ಚಿಟ್ಟದ್ದನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದೆ. ಆರರಲ್ಲಿ ಉಳಿದದ್ದು ಎರಡು, ಹಾಲಿನ ಪ್ರೋಟೀನ್ ಪುಡಿ ಮತ್ತು ಕ್ರಿಯೇಟಿನ್ ಅನ್ನುವ ಬಿಳಿ ಪುಡಿ. ಹೊಸಬರಿಗೆ ಇಷ್ಟು ಪ್ರಾಮಾಣಿಕ ಸಲಹೆ ಬೇರೆಲ್ಲೂ ಸಿಗಲಾರದು.

ಡಬ್ಬ

ನಮ್ಮತ್ತೆಗೆ ಒಳಗಿನ ಮಾಲಿಗಿಂತ ಡಬ್ಬ ಮುಖ್ಯ. ಮಾರನೇ ದಿನ ಬಂದು ನೋಡಿದರೆ ನನ್ನ ಎರಡೂ ಡಬ್ಬಗಳಲ್ಲಿ ಸಂಡಿಗೆ, ಹಪ್ಪಳ ಕೂತಿವೆ.

"ಎಷ್ಟು ಗಟ್ಟಿ ಮುಚ್ಚಳ ಕಣೇ! ಗಾಳಿ ಆಡಲ್ಲ."

"ಅತ್ತೆ, ನನ್ನ ಪುಡಿಗಳು?"

"ಸ್ಟೀಲ್ ಡಬ್ಬಕ್ಕೆ ಸುರಿದಿದ್ದೀನಿ. ಎಲ್ಲಿಗೆ ಹೋಗತ್ತೆ?"

ಪ್ರೋಟೀನ್ ಪುಡಿ ವಾಸನೆಯಲ್ಲೇ ಗೊತ್ತಾಯಿತು. ಪಕ್ಕದಲ್ಲಿದ್ದ ಬಿಳಿ ಪುಡಿಯನ್ನು ದಿನಾ ಒಂದು ಚಮಚ ನೀರಿಗೆ ಹಾಕಿ ಕುಡಿದೆ. ಗಂಟಲಿಗೆ ಅಂಟುತ್ತಿತ್ತು, ಔಷಧಿ ಇರುವುದೇ ಹಾಗೆ ಅಂದುಕೊಂಡೆ. ಹದಿನೈದು ದಿನಕ್ಕೆ ಐದು ಕಿಲೋ ಜಾಸ್ತಿ ಎತ್ತಿದೆ. "ನೋಡಿದ್ರಾ ಆಂಟೀಜಿ ಕ್ರಿಯೇಟಿನ್ ಕಮಾಲ್?" ಎಂದು ಟ್ರೈನರ್ ಕುಣಿದಾಡಿದ.

ಆ ಭಾನುವಾರ ಅತ್ತೆ ಬಾಲ್ಕನಿಯ ತುಳಸಿ ಮುಂದೆ ರಂಗೋಲಿ ಹಾಕುತ್ತಾ ಗೊಣಗಿದರು, "ಈ ಸಲದ ಅಕ್ಕಿಹಿಟ್ಟು ಯಾಕೋ ಹರಳು ಹರಳು ಕಣೇ."

ಓಡಿಹೋಗಿ ನನ್ನ ಸ್ಟೀಲ್ ಡಬ್ಬದ ಬಿಳಿ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ, ನುಣ್ಣಗಿತ್ತು. ಹದಿನೈದು ದಿನದಿಂದ ನಾನು ಕುಡಿದದ್ದು ಅಕ್ಕಿಹಿಟ್ಟು. ಕ್ರಿಯೇಟಿನ್ ಪೂರ್ತಿ ತುಳಸಿ ಮುಂದೆ ಹೋಗಿ, ಅಲ್ಲಿಂದ ಬಲೆಯ ಸಂದಿಯಲ್ಲಿ ನುಸುಳಿ ಬರುವ ಪಾರಿವಾಳಗಳ ಹೊಟ್ಟೆ ಸೇರಿತ್ತು. ಮೂರು ವರ್ಷದಿಂದ ಅಲ್ಲಾಡದಿದ್ದ ಬಾಲ್ಕನಿಯ ಬಲೆಯನ್ನು ಅವು ಅದೇ ವಾರ ಕಿತ್ತುಹಾಕಿದ್ದವು.

ಪೂರಾ ಸಾಸ್

ಪ್ರೋಟೀನ್ ಪುಡಿ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ನನ್ನ ಅನುಮಾನ ಯಜಮಾನರ ಮೇಲೆ. ಕೇಳಿದರೆ ತಾಯಾಣೆ ಅಂದರು. ಅಷ್ಟರಲ್ಲಿ ನಾಲ್ಕು ತಿಂಗಳಾಯಿತು, ನಾನು ಅರವತ್ತೆರಡು ಕಿಲೋ ಎತ್ತಿದೆ. ಜಿಮ್ಮಿನಲ್ಲಿ "ಪೂರಾ ಸಾಸ್!" ಎಂದು ಲಡ್ಡು ಹಂಚಿದರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಅತ್ತೆ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದಾರೆ! ಅಯ್ಯೋ ದೇವರೇ ಅಂದುಕೊಂಡು ಓಡಿದೆ.

"ಹೆದರಬೇಡಿ ಅತ್ತೆ, ನಾನಿದ್ದೀನಿ!"

"ಬಿಡೇ, ನಾನು ಬಿದ್ದಿಲ್ಲ..."

ಯಾರು ಕೇಳುತ್ತಾರೆ? ಬೆನ್ನು ನೆಟ್ಟಗೆ, ಮಂಡಿ ಮಡಿಸಿ, ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿದೆ. ಅತ್ತೆ ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಸಲ ಜೀವ ಬಿಟ್ಟು ಎಳೆದೆ. ಸೊಂಟದಲ್ಲಿ ಚಳಕ್ ಅಂತು. ನಾನೇ ಪಕ್ಕಕ್ಕೆ ಉರುಳಿದೆ.

ಅತ್ತೆ ಕುರ್ಚಿ ಹಿಡಿದು ತಾವಾಗಿ ಎದ್ದು ನಿಂತರು. "ಅಷ್ಟು ಹೇಳಿದೆ. ನೀನು ಆಫೀಸಿಗೆ ಹೋದ ಮೇಲೆ ದಿನಾ ಹೀಗೆ ಕೂತು ಎದ್ದು ಮಾಡ್ತೀನಿ. ಮೇಲೆ ಒಂದು ಲೋಟ ಹಾಲಿಗೆ ನಿನ್ನ ಪುಡಿ. ನಾಲ್ಕು ಕಿಲೋ ಹೆಚ್ಚಿದ್ದೀನಿ, ಗೊತ್ತಾ?"

ನನಗೆ ಏಳಲಾಗಲಿಲ್ಲ. ಅತ್ತೆ ಇಂಟರ್‌ಕಾಮ್ ಎತ್ತಿದರು. ನಾನು ನೈಟಿಯಲ್ಲಿದ್ದೇನೆ ಅನ್ನುವಷ್ಟರಲ್ಲಿ ಅದೇ ಇಬ್ಬರು ಗಾರ್ಡುಗಳು ಬಂದು, ಅಭ್ಯಾಸಬಲದಿಂದ ಸೀದಾ ಅತ್ತೆಯ ಕಡೆ ನಡೆದರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗುಡುಗಿದರು: "ಮೈ ನಹೀ! ಬಹೂ ಕೋ ಉಠಾವ್!" ನನ್ನನ್ನಲ್ಲ, ಸೊಸೆಯನ್ನು ಎತ್ತಿ ಅಂತ.

ಅವತ್ತು ಸಂಜೆ ಅತ್ತೆ ಇಸ್ತ್ರಿ ಸೀರೆಯುಟ್ಟು ತಲೆಯೆತ್ತಿಕೊಂಡು ಗಾರ್ಡುಗಳ ಮುಂದೆಯೇ ಪಾರ್ಕಿಗೆ ಹೋದರು. ಬಿಸಿನೀರಿನ ಚೀಲದ ಮೇಲೆ ಮಲಗಿದ್ದ ನನಗೆ ನೋವಿನಲ್ಲೂ ಎಷ್ಟು ಖುಷಿಯಾಯಿತೆಂದರೆ ಕಣ್ಣು ತುಂಬಿ ಬಂತು.

ಆ ಖುಷಿ ಅರ್ಧ ಗಂಟೆ ಇತ್ತು. ಆಮೇಲೆ ಟ್ರೈನರಿನ ಫೋನು.

"ಆಂಟೀಜಿ, ಮಾತಾಜಿ ಬಂದು ಜಿಮ್ಮಿಗೆ ಸೇರಿದರು. ಟಾರ್ಗೆಟ್ ಏನು ಅಂದೆ. 'ಬಹೂ' ಅಂದರು." ಅವನು ದನಿ ತಗ್ಗಿಸಿದ. "ಎಪ್ಪತ್ತೊಂದು ಕಿಲೋ ಅಂತ ಎಲ್ಲರೆದುರಿಗೂ ಹೇಳಿದರು. ಬರೆದುಕೊಳ್ಳಲಾ?"